ಕೊಡಗಿನ ಮಳೆಯಲ್ಲಿ ಸಲ್ಕಾಟ ಆಮೆಮರಿ: ಬ್ರೀಡರ್‌ಗೆ ಐದಕ್ಕೆ ಮೂರೂವರೆ

ಮರಿಗಳಲ್ಲಿ ಏನೂ ದೋಷ ಇರಲಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೋದ ವರ್ಷ ಏಪ್ರಿಲ್‌ನಲ್ಲಿ ಬೆಂಗಳೂರಿನ ಹೊರಗಡೆ ಇರುವ ಒಬ್ಬ ಬ್ರೀಡರ್ ಹತ್ತಿರ ಎರಡು ಸಲ್ಕಾಟ ಆಮೆಮರಿ ತಂದೆ, ಆಫ್ರಿಕಾದ ನೆಲದ ಆಮೆ ಇದು. ಹದಿನಾಲ್ಕು ತಿಂಗಳಾಯಿತು. ಎರಡೂ ಬದುಕಿವೆ, ಚೆನ್ನಾಗಿ ತಿನ್ನುತ್ತಿವೆ. ಇದನ್ನು ಟೈಪ್ ಮಾಡುವಾಗಲೂ ದೊಡ್ಡದು ಪೆಟ್ಟಿಗೆಯ ಮೂಲೆಗೆ ಟಕ್ ಟಕ್ ಅಂತ ಗುದ್ದುತ್ತಿದೆ. ಆದರೂ ಪೂರ್ತಿ ಅಂಕ ಕೊಡಲು ಮನಸ್ಸು ಬರುತ್ತಿಲ್ಲ. ಯಾಕೆ ಅಂತ ವಿವರವಾಗಿಯೇ ಬರೆಯುತ್ತೇನೆ, ಯಾಕಂದರೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಕಡೆಯವರು ನನ್ನ ಹಾಗೇ ಎಡವುವ ಸಾಧ್ಯತೆ ಜಾಸ್ತಿ.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ಸ್ವಲ್ಪ ಕಾಫಿ, ಸ್ವಲ್ಪ ಮೆಣಸು, ಎರಡು ನಾಯಿ, ಒಂದಷ್ಟು ಕೋಳಿ. ಆಮೆ ಸಾಕುವ ಹುಚ್ಚು ಎಲ್ಲಿಂದ ಹತ್ತಿತು ಅಂತ ಅಮ್ಮ ಈಗಲೂ ಕೇಳುತ್ತಾರೆ, ನನ್ನ ಹತ್ತಿರ ಸರಿಯಾದ ಉತ್ತರ ಇಲ್ಲ.

ಮೊದಲು ನನಗೆ ಸಿಕ್ಕಿದ್ದು ಬೇರೆ ಇಬ್ಬರು ಮಾರಾಟಗಾರರು. ಒಬ್ಬ ಫೋನಿನಲ್ಲಿ ಸ್ವರ ತಗ್ಗಿಸಿ "ನಕ್ಷತ್ರ ಆಮೆ ಇದೆ ಸಾರ್, ಮನೆಗೆ ಒಳ್ಳೇದು, ದುಡ್ಡು ಬರುತ್ತೆ" ಅಂದ. ಅಲ್ಲಿಗೇ ಫೋನ್ ಇಟ್ಟೆ. ನಕ್ಷತ್ರ ಆಮೆ ನಮ್ಮ ನೆಲದ ಕಾಡುಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದು, ಮಾರುವುದು, ಮನೆಯಲ್ಲಿಡುವುದು ಎಲ್ಲವೂ ಅಪರಾಧ. 2019ರಲ್ಲಿ ಅದನ್ನು, ಕಾಡುಪ್ರಾಣಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಮೊದಲನೇ ಅನುಬಂಧಕ್ಕೂ ಸೇರಿಸಿದರು, ಅಂದರೆ ದೇಶದಿಂದ ದೇಶಕ್ಕೆ ವ್ಯಾಪಾರವೂ ಬಂದ್. ಮನೆಗೆ ಅದೃಷ್ಟ ಬರುತ್ತೋ ಇಲ್ಲವೋ, ಅರಣ್ಯ ಇಲಾಖೆಯ ಜೀಪಂತೂ ಬರುತ್ತದೆ.

ಇನ್ನೊಬ್ಬ ಸಲ್ಕಾಟವನ್ನೇ ಮಾರುತ್ತಿದ್ದ, ಆದರೆ "ಒಂದು ಗಂಡು ಒಂದು ಹೆಣ್ಣು, ಗ್ಯಾರಂಟಿ ಜೋಡಿ ಕೊಡ್ತೀನಿ" ಅಂದ. ಇದು ಶುದ್ಧ ಸುಳ್ಳು. ಈ ಆಮೆಗಳಲ್ಲಿ ಮೊಟ್ಟೆಗೆ ಎಷ್ಟು ಬಿಸಿ ಸಿಕ್ಕಿತು ಅನ್ನುವುದರ ಮೇಲೆ ಗಂಡೋ ಹೆಣ್ಣೋ ನಿರ್ಧಾರ ಆಗುತ್ತದೆ. ಚಿಪ್ಪು ಹತ್ತಿರ ಹತ್ತಿರ ಒಂದಡಿ ಉದ್ದ ಆಗುವವರೆಗೆ ಹೊರಗಿನಿಂದ ನೋಡಿ ಯಾರೂ ಖಚಿತವಾಗಿ ಹೇಳಲು ಆಗುವುದಿಲ್ಲ. ಅಂಗೈಯಲ್ಲಿ ಹಿಡಿಸುವ ಮರಿ ತೋರಿಸಿ ಜೋಡಿ ಅಂದವನ ಹತ್ತಿರ ಬೇರೆ ಏನನ್ನೂ ಕೇಳುವ ಅಗತ್ಯ ಇಲ್ಲ, ಅಲ್ವಾ?

ನಾನು ಕೊನೆಗೆ ಹೋದ ಬ್ರೀಡರ್ ಹಾಗಿರಲಿಲ್ಲ. ಮೊದಲ ಫೋನಿನಲ್ಲೇ ನನ್ನನ್ನೇ ಪ್ರಶ್ನೆ ಮಾಡಲು ಶುರು ಮಾಡಿದರು. ಮನೆ ಸ್ವಂತದ್ದಾ? ಜಾಗ ಎಷ್ಟು? ಇದು ದೊಡ್ಡದಾದರೆ ಐವತ್ತು ಕೆಜಿ ತೂಗುತ್ತೆ, ಎಪ್ಪತ್ತು ವರ್ಷ ಬದುಕಬಹುದು, ನಿಮ್ಮ ನಂತರ ಯಾರು ನೋಡ್ಕೋತಾರೆ? ಹೆಣ್ಣು ಕೊಡುವವರು ಕೂಡ ಇಷ್ಟು ವಿಚಾರಿಸಲ್ಲ ಅಂತ ಅನಿಸಿತು. ಆದರೆ ಕೇಳಬೇಕಾದ್ದೇ. ಗ್ಯಾಲಪಗೋಸ್, ಅಲ್ಡಾಬ್ರಾ ದ್ವೀಪದ ದೈತ್ಯ ಆಮೆಗಳನ್ನು ಬಿಟ್ಟರೆ ನೆಲದ ಆಮೆಗಳಲ್ಲಿ ಇದೇ ದೊಡ್ಡದು. ಸಹಾರಾ ಮರುಭೂಮಿಯ ದಕ್ಷಿಣದ ಅಂಚು, ಸೆನೆಗಲ್‌ನಿಂದ ಸುಡಾನ್ ಇಥಿಯೋಪಿಯಾವರೆಗಿನ ಒಣ ಪಟ್ಟಿ, ಅದರ ಊರು. ಅಲ್ಲಿ ಕಾಡಿನಲ್ಲಿ ಇವು ಅಳಿವಿನ ಅಂಚಿಗೆ ಬಂದಿವೆ, ಇಲ್ಲಿ ನಾವು ಶೋಕಿಗೆ ಸಾಕುತ್ತೇವೆ. ಅದೂ ಒಂದು ವಿಚಿತ್ರವೇ.

ಕೊರಿಯರ್‌ನಲ್ಲಿ ಕಳಿಸಲ್ಲ, ಬಸ್ ಪಾರ್ಸೆಲ್ಲೂ ಇಲ್ಲ, ನೀವೇ ಬನ್ನಿ ಅಂದರು. ಇದಕ್ಕೇ ಅರ್ಧ ಅಂಕ ಜಾಸ್ತಿ. ಹೋಗಿ ನೋಡಿದೆ. ದೊಡ್ಡ ಆಮೆಗಳಿಗೆ ಬೇಲಿ ಹಾಕಿದ ಅಂಗಳ, ಮರಿಗಳಿಗೆ ಮುಚ್ಚಿದ ಪೆಟ್ಟಿಗೆಗಳು, ವಾಸನೆ ಇಲ್ಲ. ಮೊಟ್ಟೆಗೆ ಕಾವು ಕೊಡುವ ಇನ್ಕ್ಯುಬೇಟರನ್ನೂ ತೋರಿಸಿದರು. 30 ಡಿಗ್ರಿ ಆಸುಪಾಸಿನಲ್ಲಿ ಮೂರು ತಿಂಗಳು ಕಾಯಬೇಕಂತೆ. ಮರಿ ಹೊರಗೆ ಬಂದಾಗ ಹೊಟ್ಟೆಯ ಕೆಳಗೆ ಮೊಟ್ಟೆಯ ಹಳದಿಯ ಚೀಲ ಅಂಟಿಕೊಂಡಿರುತ್ತದೆ, ಅದು ಒಳಗೆ ಸೇರಿ, ಮರಿ ತಾನಾಗಿ ತಿನ್ನಲು ಕಲಿತು, ಎರಡು ತಿಂಗಳು ತೂಕ ಏರಿದ ಮೇಲಷ್ಟೇ ಮಾರುವುದು. ಪ್ರತಿ ಮರಿಯ ತೂಕವನ್ನು ವಾರ ವಾರ ಬರೆದಿಟ್ಟ ನೋಟ್‌ಬುಕ್ ಇತ್ತು. ನಾನು ಆರಿಸಿದ ಎರಡು 45 ಗ್ರಾಂ ಮತ್ತು 42 ಗ್ರಾಂ. ಕಣ್ಣು ಹೊಳೆಯುತ್ತಿತ್ತು, ಮೂಗು ಒಣಗಿತ್ತು, ಕೈಯಲ್ಲಿ ಎತ್ತಿದರೆ ಕಾಲು ಒದರುತ್ತಿದ್ದವು. ಇನ್ನೇನು ಬೇಕು.

ಕಾಗದಪತ್ರದಲ್ಲೂ ತಕರಾರಿಲ್ಲ. 2022ರ ತಿದ್ದುಪಡಿಯ ನಂತರ ಸೈಟಿಸ್ ಪಟ್ಟಿಯ ವಿದೇಶಿ ಪ್ರಾಣಿಗಳೂ ನಮ್ಮ ವನ್ಯಜೀವಿ ಕಾಯ್ದೆಯ ನಾಲ್ಕನೇ ಷೆಡ್ಯೂಲಿಗೆ ಬಂದಿವೆ, ಸಲ್ಕಾಟವೂ ಅದರಲ್ಲಿದೆ. 2024ರ ನಿಯಮದ ಪ್ರಕಾರ ಪ್ರಾಣಿ ನಮ್ಮ ಕೈಗೆ ಬಂದ 30 ದಿನದೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿಗೆ ಅರ್ಜಿ ಹಾಕಬೇಕು. ಅವರು ತಮ್ಮ ನೋಂದಣಿಯ ಪ್ರತಿ ಕೊಟ್ಟರು, ಬಿಲ್ ಕೊಟ್ಟರು, ಅರ್ಜಿ ತುಂಬುವಾಗ ಫೋನಿನಲ್ಲಿ ಜೊತೆಗೇ ಇದ್ದರು. "ಪೇಪರ್ ಎಲ್ಲ ಆಮೇಲೆ ನೋಡೋಣ" ಅನ್ನುವವರ ಹತ್ತಿರ ದಯವಿಟ್ಟು ತಗೋಬೇಡಿ.

ದರ ಬರೆಯುತ್ತಿಲ್ಲ, ಅದು ತಿಂಗಳಿಗೊಂದು ಥರ ಇರುತ್ತದೆ. ಎರಡು ತಗೊಂಡರೆ ಕಡಿಮೆ ಮಾಡುತ್ತೇನೆ ಅಂದರು, ನಾನೂ ಆಸೆಗೆ ಬಿದ್ದೆ. ಆ ಕಥೆ ಮುಂದೆ ಬರುತ್ತದೆ.

ಮೈಸೂರು, ಹುಣಸೂರು, ಕುಶಾಲನಗರ ದಾಟಿ ಬರುವಷ್ಟರಲ್ಲಿ ಕತ್ತಲಾಗಿತ್ತು. ದಾರಿಯುದ್ದಕ್ಕೂ ಎಸಿ ಹಾಕಿರಲಿಲ್ಲ, ಏಪ್ರಿಲ್ ಸೆಖೆಗೆ ನಾನು ಬೆಂದು ಹೋದೆ, ಮರಿಗಳು ಪೇಪರ್ ಚೂರಿನ ಡಬ್ಬಿಯಲ್ಲಿ ಆರಾಮಾಗಿ ಮಲಗಿದ್ದವು. ಮನೆಗೆ ಬಂದ ತಕ್ಷಣ ಅಮ್ಮ ಒಂದು ಬಕೆಟ್ ನೀರು ತಂದಿಟ್ಟು "ಬಿಡು, ಈಜಾಡಲಿ ಪಾಪ" ಅಂದರು. ಕನ್ನಡದಲ್ಲಿ ಎಲ್ಲದಕ್ಕೂ ಆಮೆ ಅನ್ನುವ ಒಂದೇ ಮಾತು ಇರುವುದರ ತೊಂದರೆ ಇದು. ಇದು ನೆಲದ ಆಮೆ ಅಮ್ಮ, ಈಜಲ್ಲ, ಮುಳುಗಿ ಸಾಯುತ್ತೆ ಅಂದೆ. "ಆಮೆ ನೀರಲ್ಲಿ ಸಾಯುತ್ತಾ?" ಅಂತ ಅಮ್ಮ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಮನೆಗೆ ಬಂದ ನೆಂಟರೆಲ್ಲರೂ ಇದನ್ನೇ ಕೇಳುತ್ತಾರೆ. ಮಕ್ಕಳಿದ್ದ ಮನೆಯಾದರೆ ಬಕೆಟ್ಟಿನ ಮೇಲೆ ಒಂದು ಕಣ್ಣಿರಲಿ. ಆಮೆ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಇವುಗಳ ಮೈಮೇಲೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮರಿಗಳ ಜೊತೆ ಬ್ರೀಡರ್ ಒಂದು ಹಾಳೆ ಕೊಟ್ಟಿದ್ದರು, ಸಾಕುವ ವಿಧಾನ ಅಂತ. ತಳ ಒಣಗಿರಲಿ, ನೀರಿನ ತಟ್ಟೆ ಬೇಡ, ವಾರಕ್ಕೊಮ್ಮೆ ಸ್ನಾನ ಸಾಕು, ಮರುಭೂಮಿಯ ಪ್ರಾಣಿ, ತೇವ ಆಗಬಾರದು. ಅವರು ಎಷ್ಟೋ ವರ್ಷದಿಂದ ಮಾಡುತ್ತಿರುವವರು, ನಾನು ಹೊಸಬ, ಹಾಗೇ ಮಾಡಿದೆ. ಮೂರು ವಾರಕ್ಕೆ ಮರಿಗಳು ಮೂತ್ರದ ಜೊತೆ ಹಾಕುವ ಬಿಳಿ ಪದಾರ್ಥ ಟೂತ್‌ಪೇಸ್ಟ್ ಥರ ಇರುವ ಬದಲು ರವೆಯ ಥರ ಗಟ್ಟಿ ಕಾಳಾಗಿ ಬರತೊಡಗಿತು. ಮೈಯಲ್ಲಿ ನೀರು ಸಾಲುತ್ತಿಲ್ಲ ಅನ್ನುವುದರ ಗುರುತು ಅದು.

ಓದಿ, ಕೇಳಿ ತಿಳಿದದ್ದು ಇಷ್ಟು. ಮರುಭೂಮಿ ಅಂಚಿನದ್ದು ನಿಜ, ಆದರೆ ಅದು ಇಡೀ ದಿನ ಬಿಸಿಲಲ್ಲಿ ಬಿದ್ದಿರುವುದಿಲ್ಲ. ಉದ್ದುದ್ದ ಬಿಲ ತೋಡಿಕೊಂಡು ಒಳಗೆ ಇರುತ್ತದೆ, ಬಿಲದೊಳಗೆ ತೇವ ಇರುತ್ತದೆ. ಮರಿಯನ್ನು ಒಣ ಹವೆಯಲ್ಲಿ ಬೆಳೆಸಿದರೆ ಚಿಪ್ಪಿನ ಒಂದೊಂದು ಬಿಲ್ಲೆಯೂ ಗುಡ್ಡೆ ಗುಡ್ಡೆಯಾಗಿ ಮೇಲೇಳುತ್ತದೆ, ಪಿರಮಿಡಿಂಗ್ ಅನ್ನುತ್ತಾರೆ, ಒಮ್ಮೆ ಆದರೆ ಸರಿ ಹೋಗುವುದಿಲ್ಲ. ಮೊದಲೆಲ್ಲ ಇದು ಊಟ ಜಾಸ್ತಿಯಾಗಿ ಆಗುವುದು ಅಂತ ನಂಬಿದ್ದರು. ಈಗ ಸಾಕಿದವರು ಹೇಳುವುದು ಬೇರೆ: ಮರಿಗೆ ಬಿಸಿಯೂ ಬೇಕು, ತೇವವೂ ಬೇಕು, ಎರಡೂ ಒಟ್ಟಿಗೆ ಬೇಕು. ಬರೀ ತೇವ ಇದ್ದು ಬಿಸಿ ಇಲ್ಲದಿದ್ದರೆ ಶ್ವಾಸಕೋಶಕ್ಕೆ ಸೋಂಕು ಹತ್ತುತ್ತದೆ.

ನಮ್ಮ ಊರಿನ ಪಾಡು ಇಲ್ಲೇ ಇರುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವ ಪುಕ್ಕಟೆ. ಗೋಡೆಯಲ್ಲೂ ತೇವ, ಹಾಸಿಗೆಯಲ್ಲೂ ತೇವ, ಬೆಲ್ಟು ಚಪ್ಪಲಿಗೆಲ್ಲ ಬೂಷ್ಟು. ಬಿಸಿಯನ್ನು ಮಾತ್ರ ದುಡ್ಡು ಕೊಟ್ಟು ತರಬೇಕು. ಆ ಹಾಳೆಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ನಾನು ಸುಂಟಿಕೊಪ್ಪ ಅಂತ ಹೇಳಿದ್ದೆ. ಜಾಗ ಎಷ್ಟು ಅಂತ ಕೇಳಿದವರು ಮಳೆ ಎಷ್ಟು ಅಂತ ಕೇಳಲಿಲ್ಲ.

ಮೇ ತಿಂಗಳಲ್ಲಿ ಎಲ್ಲ ಬದಲಿಸಿದೆ. ನಾಲ್ಕಡಿಯ ಪ್ಲೈವುಡ್ ಪೆಟ್ಟಿಗೆ, ಮುಚ್ಚಳ ಇರುವಂಥದ್ದು, ಒಳಗೆ ಪೇಂಟ್. ತಳಕ್ಕೆ ತೆಂಗಿನನಾರಿನ ಪುಡಿ, ಕೆಳಪದರ ಹಸಿ, ಮೇಲ್ಪದರ ಒಣ. ಒಂದು ತುದಿಯಲ್ಲಿ ಬಿಸಿ ಕಾಯಿಸಿಕೊಳ್ಳಲು 100 ವ್ಯಾಟಿನ ಬಲ್ಬ್, ಅದರ ಕೆಳಗೆ 36 ಡಿಗ್ರಿ. ಇನ್ನೊಂದು ತುದಿ 28. ರಾತ್ರಿಗೆ ಬೆಳಕು ಕೊಡದ ಸೆರಾಮಿಕ್ ಹೀಟರ್, ಥರ್ಮೋಸ್ಟಾಟ್ ಇಟ್ಟು 26ಕ್ಕಿಂತ ಇಳಿಯದ ಹಾಗೆ. ಮೇಲೆ ಯುವಿಬಿ ಟ್ಯೂಬ್, ಅಂದರೆ ಬಿಸಿಲಿನಲ್ಲಿರುವ ಅತಿನೇರಳೆ ಕಿರಣ ಕೊಡುವ ಲೈಟು. ಕಿಟಕಿ ಹತ್ತಿರ ಇಟ್ಟರೆ ಬಿಸಿಲು ಬರುತ್ತಲ್ಲ ಅನ್ನಬೇಡಿ, ಗಾಜು ಆ ಕಿರಣವನ್ನು ತಡೆದುಬಿಡುತ್ತದೆ. ಅದಿಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ಹಾಕಿದರೂ ಮೈಗೆ ಹತ್ತುವುದಿಲ್ಲ, ಚಿಪ್ಪು ಮೆತ್ತಗಾಗುತ್ತದೆ. ಅಪ್ಪ ಬಂದು ನೋಡಿ "ಕೋಳಿಮರಿಗೆ ಬಲ್ಬ್ ಹಾಕಿದ ಹಾಗೇ ಅಲ್ವಾ, ಇದಕ್ಯಾಕೆ ಇಷ್ಟು ಸಂಭ್ರಮ" ಅಂದರು. ಹೌದು, ಅದೇ ಲೆಕ್ಕ. ಆದರೆ ಕೋಳಿಮರಿಗೆ ಕೆಲವೇ ವಾರ, ಇದಕ್ಕೆ ವರ್ಷಗಟ್ಟಲೆ. ದಿನಕ್ಕೆ ಹೆಚ್ಚು ಕಡಿಮೆ ಎರಡೂವರೆ ಯೂನಿಟ್ ಕರೆಂಟ್, ತಿಂಗಳಿಗೆ 75. ಪೆಟ್ಟಿಗೆ, ಲೈಟು, ಥರ್ಮೋಸ್ಟಾಟ್ ಎಲ್ಲ ಸೇರಿ ಮರಿಗಳಿಗಿಂತ ಜಾಸ್ತಿ ಬಿತ್ತು.

ದಿನಾ ಬೆಳಿಗ್ಗೆ ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ಕೂರಿಸುತ್ತೇನೆ, ಗಲ್ಲದವರೆಗೆ ಮಾತ್ರ ನೀರು. ಹತ್ತು ದಿನದಲ್ಲಿ ರವೆ ಹೋಗಿ ಪೇಸ್ಟ್ ಆಯಿತು.

ಆಮೇಲೆ ಜುಲೈ ಬಂತು. ಒಂದು ರಾತ್ರಿ ಗಾಳಿಮಳೆಗೆ ಲೈನ್ ಮೇಲೆ ಮರ ಬಿತ್ತು, ಕರೆಂಟ್ ಹೋಯಿತು. ನಮಗೆ ಇದು ಹೊಸದಲ್ಲ, ಇನ್ವರ್ಟರ್ ಇತ್ತು. ಆದರೆ ಅದರಲ್ಲೇ ಮನೆ ಲೈಟೂ, ಫೋನ್ ಚಾರ್ಜೂ, ಟೀವಿಯೂ. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿ, ಪೆಟ್ಟಿಗೆ 19 ಡಿಗ್ರಿ. ಅವತ್ತು ನಮ್ಮನ್ನು ಕಾಪಾಡಿದ್ದು ಬಚ್ಚಲ ಒಲೆ. ಹಂಡೆಯ ಬಿಸಿನೀರನ್ನು ಬಾಟಲಿಗಳಿಗೆ ತುಂಬಿ, ಬಟ್ಟೆ ಸುತ್ತಿ, ಥರ್ಮಾಕೋಲ್ ಡಬ್ಬಿಯಲ್ಲಿ ಮರಿಗಳ ಸುತ್ತ ಇಟ್ಟೆವು. ಎರಡು ಗಂಟೆಗೊಮ್ಮೆ ಬದಲಿಸಬೇಕು. ಅಮ್ಮ, ನಾನು, ಸರದಿಯ ಮೇಲೆ, ಎರಡು ರಾತ್ರಿ. ಹೊಗೆ ಇರುತ್ತದೆ ಅಂತ ಡಬ್ಬಿಯನ್ನು ಬಚ್ಚಲಲ್ಲಿ ಇಡಲಿಲ್ಲ, ಅದೊಂದು ಬುದ್ಧಿ ಹೇಗೋ ಬಂತು.

ಬ್ರೀಡರ್‌ಗೆ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದರು, ಅದನ್ನು ಮೆಚ್ಚಬೇಕು. "ಹೀಟ್ ಜಾಸ್ತಿ ಮಾಡಿ ಸಾರ್" ಅಂದರು. ಕರೆಂಟ್ ಇಲ್ಲ ಅಂದೆ. "ಎಷ್ಟೊತ್ತಾಯ್ತು, ಒಂದು ಗಂಟೆನಾ?" ಮೂರನೇ ದಿನ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಚಿಕ್ಕದಕ್ಕೆ ಅಷ್ಟರಲ್ಲಿ ಮೂಗಲ್ಲಿ ಗುಳ್ಳೆ ಬರಲು ಶುರುವಾಗಿತ್ತು, ಬಾಯಿ ತೆರೆದು ಉಸಿರಾಡುತ್ತಿತ್ತು. ನಮ್ಮ ಕಡೆ ನನಗೆ ಗೊತ್ತಿರುವ ಪಶುವೈದ್ಯರು ಹಸು, ನಾಯಿ, ಹಂದಿ ನೋಡುವವರು, ಒಳ್ಳೆಯವರೇ, ಆದರೆ ಆಮೆ ಕೈಗೆ ಕೊಟ್ಟರೆ ನನ್ನಷ್ಟೇ ಗಾಬರಿಯಾಗುತ್ತಾರೆ. ಮೈಸೂರಿಗೆ ಓಡಿದೆ. ಅಲ್ಲಿ ಮುಂಗಾಲಿಗೆ ಇಂಜೆಕ್ಷನ್, ಕೆಲವು ದಿನದ ಕೋರ್ಸ್. ಡಾಕ್ಟರ್ ಹೇಳಿದ ಮಾತು ಒಂದೇ: ಮೈ ಬಿಸಿಯಾಗಿ ಇರದಿದ್ದರೆ ಔಷಧಿ ಕೆಲಸ ಮಾಡಲ್ಲ, ಇವುಗಳಿಗೆ ಸ್ವಂತ ಬಿಸಿ ಇಲ್ಲ. ಉಳಿಯಿತು. ಬಂದ ಮೇಲೆ ಮೊದಲು ಮಾಡಿದ ಕೆಲಸ, ಬರೀ ಆ ಸೆರಾಮಿಕ್ ಹೀಟರ್‌ಗೆ ಅಂತಲೇ ಬೇರೆ ಬ್ಯಾಟರಿ, ಬೇರೆ ಇನ್ವರ್ಟರ್. ಬೇರೆ ಯಾರೂ ಫೋನ್ ಚಾರ್ಜರ್ ಸಿಕ್ಕಿಸುವ ಹಾಗಿಲ್ಲ ಅಂತ ಬೋರ್ಡ್ ಕೂಡ ಹಾಕಿದ್ದೇನೆ.

ಇನ್ನು ಎರಡು ಮರಿಯ ಕಥೆ. ಒಂದಕ್ಕೊಂದು ಜೊತೆಯಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ, ಬ್ರೀಡರೂ ಬೇಡ ಅನ್ನಲಿಲ್ಲ. ಆಮೆಗೆ ಜೊತೆ ಬೇಕಿಲ್ಲ. ದೊಡ್ಡದು ಯಾವಾಗಲೂ ಚಿಕ್ಕದರ ಹಿಂದೆ ಹಿಂದೆ ಹೋಗುತ್ತಿತ್ತು, ಅದರ ಪಕ್ಕವೇ ಮಲಗುತ್ತಿತ್ತು, ಸೊಪ್ಪಿನ ಮೇಲೆ ಹತ್ತಿ ಕೂರುತ್ತಿತ್ತು. ನಾವೆಲ್ಲ ಎಂಥ ಪ್ರೀತಿ ಅಂತ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದೇ ಹಾಕಿದ್ದು. ಅದು ಪ್ರೀತಿ ಅಲ್ಲ, ದಬ್ಬಾಳಿಕೆ. ಕಚ್ಚದೆಯೂ ದಬ್ಬಾಳಿಕೆ ಮಾಡುತ್ತವೆ ಇವು. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇಲ್ಲದಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ: ಆಗಸ್ಟ್‌ಗೆ ಒಂದು 130 ಗ್ರಾಂ, ಇನ್ನೊಂದು 68. ಬೇರೆ ಬೇರೆ ಪೆಟ್ಟಿಗೆ ಮಾಡಿದೆ, ಅಂದರೆ ಬಲ್ಬ್, ಟ್ಯೂಬ್, ಹೀಟರ್ ಎಲ್ಲ ಇನ್ನೊಂದು ಸೆಟ್. ಎರಡು ತಗೊಂಡರೆ ಕೊಟ್ಟ ರಿಯಾಯಿತಿ ಅಲ್ಲಿಗೆ ಸಾಫ್. ನೋಟ್‌ಬುಕ್ಕಿನಲ್ಲಿ ವಾರ ವಾರ ತೂಕ ಬರೆಯುವ ಮನುಷ್ಯನಿಗೆ ಇದು ಗೊತ್ತಿರಲಿಲ್ಲ ಅಂತ ನಾನು ನಂಬುವುದಿಲ್ಲ. ಒಂದು ಅಂಕ ಕಳೆದದ್ದು ಇದಕ್ಕೇ. ಒಂದು ತಗೊಳ್ಳಿ, ಇಲ್ಲಾ ಜಾಗ ಇದ್ದರೆ ಮೂರು ನಾಲ್ಕು. ಎರಡು ಮಾತ್ರ ಬೇಡ.

ಊಟದ ವಿಷಯದಲ್ಲಿ ಕೊಡಗಿನವರು ಪುಣ್ಯವಂತರು, ಒಂದು ಎಚ್ಚರಿಕೆ ಬಿಟ್ಟರೆ. ಗರಿಕೆ, ದಾಸವಾಳದ ಎಲೆ ಹೂವು, ಹಿಪ್ಪುನೇರಳೆ ಸೊಪ್ಪು, ಮುಳ್ಳು ತೆಗೆದ ಪಾಪಾಸುಕಳ್ಳಿ, ಇವೇ ದಿನದ ಊಟ. ಮೇಲೆ ಚಿಟಿಕೆ ಕ್ಯಾಲ್ಸಿಯಂ ಪುಡಿ. ಹಣ್ಣು ಕೊಡಬೇಡಿ, ಹೊಟ್ಟೆ ಕೆಡುತ್ತದೆ. ನಾಯಿಯ ಪೆಲೆಟ್ಟು, ಅನ್ನ ಅಂತೂ ಬೇಡವೇ ಬೇಡ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ಮನೆ ತುಂಬ ಕೆಸು ಇರುತ್ತದೆ ಅಂತ ಆಮೆಗೆ ಹಾಕಬೇಡಿ, ನಮಗೇ ಗಂಟಲು ತುರಿಸುವ ಸೊಪ್ಪು ಅದು, ಇವುಗಳ ಪಾಡೇನು. ಬೇಲಿಯ ಲಂಟಾನಾ ವಿಷ.

ಎಚ್ಚರಿಕೆ ಏನಂದರೆ ಬೋರ್ಡೋ. ಮಳೆಗೆ ಮುಂಚೆ ಕಾಫಿಗೆ ಮೈಲುತುತ್ತು ಸುಣ್ಣ ಹೊಡೆಯುತ್ತೇವಲ್ಲ, ಆಗ ಪಕ್ಕದ ದಾಸವಾಳದ ಬೇಲಿಗೂ ನೀಲಿ ಬೀಳುತ್ತದೆ. ನಾನು ಹೋದ ವರ್ಷ ಗಮನಿಸದೆ ಒಂದು ಹಿಡಿ ಕಿತ್ತು ತಂದಿದ್ದೆ, ತೊಳೆಯುವಾಗ ನೀರಿನಲ್ಲಿ ನೀಲಿ ಕಂಡು ಎದೆ ಧಸಕ್ ಅಂತು. ಈಗ ಮನೆ ಹಿಂದೆ, ತೋಟದಿಂದ ದೂರ, ಹನ್ನೆರಡು ದಾಸವಾಳದ ಗಿಡ ಆಮೆಗೆಂದೇ ಇವೆ. ಕಳೆನಾಶಕ ಹೊಡೆದ ಜಾಗದ ಹುಲ್ಲೂ ಮುಟ್ಟಬೇಡಿ.

ಹೊರಗೆ ಬಿಸಿಲಿಗೆ ಬಿಡುವುದಾದರೆ ಮೇಲೆ ಬಲೆ ಇರಲೇಬೇಕು. ಕಾಗೆ, ಮುಂಗುಸಿ, ನಮ್ಮದೇ ನಾಯಿ. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಬಿಡುವ ಮಾತೇ ಇಲ್ಲ, ಚಳಿಯ ಜೊತೆ ಜಿಗಣೆ ಬೇರೆ.

ತರುವುದಾದರೆ ಯಾವಾಗ? ಏಪ್ರಿಲ್ ಅಂತೂ ಅಲ್ಲ. ನನಗೆ ಮಳೆಗೆ ಮುಂಚೆ ಸಿಕ್ಕಿದ್ದು ಎರಡೇ ತಿಂಗಳು. ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದು, ಚಳಿ ಇಳಿದು, ಫೆಬ್ರವರಿಯ ಬಿಸಿಲು ಬಂದ ಮೇಲೆ ತನ್ನಿ, ಕಾಫಿ ಹೂ ಅರಳಿಸುವ ಹೂಮಳೆಯ ನಾಲ್ಕು ದಿನ ಬಿಟ್ಟರೆ ಮೂರು ತಿಂಗಳು ಒಳ್ಳೆಯ ಹವೆ ಸಿಗುತ್ತದೆ. ಕುಶಾಲನಗರದ ಕಡೆಯವರಿಗೆ ಮಳೆ ಕಡಿಮೆ, ಸ್ವಲ್ಪ ಸುಲಭ. ಭಾಗಮಂಡಲ, ನಾಪೋಕ್ಲು ಕಡೆಯವರು ಇನ್ನೊಮ್ಮೆ ಯೋಚಿಸಿ. ಇವು ಐವತ್ತು ಕೆಜಿ ಆದಾಗ ಏನು ಮಾಡುವುದು ಅಂತ ನಾನೇ ಹಳೇ ಕೋಳಿ ಗೂಡಿನ ಅಳತೆ ತೆಗೆಯುತ್ತಿದ್ದೇನೆ. ಈಗ ದೊಡ್ಡದು 610 ಗ್ರಾಂ, ಚಿಕ್ಕದು 340. ಚಿಪ್ಪು ಎರಡರದ್ದೂ ನಯವಾಗಿದೆ, ಚಿಕ್ಕದರ ಬೆನ್ನಿನ ಮೊದಲ ಸಾಲಿನಲ್ಲಿ ಮಾತ್ರ ಆ ಒಣ ಮೂರು ವಾರದ ಸಣ್ಣ ಉಬ್ಬು ಹಾಗೇ ಉಳಿದಿದೆ.

ಸೆಪ್ಟೆಂಬರ್‌ನಲ್ಲಿ ಬ್ರೀಡರ್‌ಗೆ ಇದೆಲ್ಲ ಬರೆದು ಕಳಿಸಿದ್ದೆ. ಜಗಳ ಆಡಲಿಲ್ಲ. "ಸಾರ್, ಮಳೆ ಊರಿನವರಿಗೆ ಏನು ಹೇಳಬೇಕು ಅಂತ ನೀವೇ ಬರೆದುಕೊಡಿ, ಹಾಳೆಯಲ್ಲಿ ಸೇರಿಸ್ತೀನಿ" ಅಂದರು. ಖುಷಿಯಾಗಿ ಒಂದು ಪುಟ ಬರೆದುಕೊಟ್ಟೆ, ಬ್ಯಾಟರಿ ಲೆಕ್ಕ ಸಮೇತ. ನಾಲ್ಕು ಕೊಡಬೇಕು ಅಂತಲೇ ಇದ್ದೆ. ಮೊನ್ನೆ ಗೋಣಿಕೊಪ್ಪದ ಪರಿಚಯದವರೊಬ್ಬರು ಅವರ ಹತ್ತಿರವೇ ಮರಿ ತಂದು, ನನಗೆ ತೋರಿಸಲು ಬಂದಿದ್ದರು. ಮರಿ ಚೆನ್ನಾಗಿದೆ, ನೋಂದಣಿಯ ಪ್ರತಿ, ಬಿಲ್ ಎಲ್ಲ ಸರಿಯಾಗಿದೆ. ಜೊತೆಗೆ ಕೊಟ್ಟ ಹಾಳೆ ಎಲ್ಲಿ ಅಂದೆ. ಜೇಬಿನಿಂದ ತೆಗೆದರು. ಹಳೆಯದೇ. ತಳ ಒಣಗಿರಲಿ, ವಾರಕ್ಕೊಮ್ಮೆ ಸ್ನಾನ. ಹೊರಗೆ ಆಗಲೇ ಮಳೆ ಶುರುವಾಗಿತ್ತು.